ಬೇರೆ ಅನ್ನಮ್ಮ

ಲೀಡ್ಸ್, ಇಂಗ್ಲೆಂಡ್
೧೦ ಫೆಬ್ರುವರಿ ೨೦೦೨

ಪ್ರೀತಿಯ ಅನ್ನಮ್ಮ,

ಓದುವಾಗ ನಗಬೇಡ. ಯುರೋಪಿನ ನಕಾಶೆ ತಂದು ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಸುರಪುರದಲ್ಲಿ ಪಿಯುಸಿ ಓದುವಾಗ ಒಂದೇ ಕಾಗದದಲ್ಲಿ ಮಿರ್ಚಿ ಭಜಿ ತಿನ್ನುತ್ತಾ, ಭೂಗೋಳದ ಪುಸ್ತಕದ ಮೇಲೆ ಬೆರಳಿಟ್ಟು ಲಂಡನ್ನಿನಿಂದ ರೋಮಿಗೆ ಹೋಗಿಬರುತ್ತಿದ್ದೆವಲ್ಲ, ಆ ದಾರಿಯನ್ನು ಈ ಸಲ ನಿಜವಾಗಿ ಹಿಡಿಯೋಣ. ಆಸ್ಪತ್ರೆಯಲ್ಲಿ ನನಗೆ ಮೂರು ವಾರ ರಜೆ ಕೊಟ್ಟಿದ್ದಾರೆ. ಕೊಟ್ಟಿದ್ದು ಮಾತ್ರ ಜುಲೈನಲ್ಲಿ. ಅದೇ ತೊಂದರೆ.

ಜುಲೈ ಎಂದರೆ ಇಲ್ಲಿ ಬೇಸಿಗೆ, ಬೇಸಿಗೆ ಎಂದರೆ ಇವರಿಗೆ ಸುಗ್ಗಿ. ಇಡೀ ಜಗತ್ತು ಆ ಊರುಗಳಿಗೆ ನುಗ್ಗುತ್ತದಂತೆ. ಹೋಟೆಲಿನ ಮಾತು ನಮಗೆ ಬೇಡ. ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಸುತ್ತುವವರು ಇಳಿಯುವ ಹಾಸ್ಟೆಲ್‌ಗಳಿವೆ. ಒಂದು ಕೋಣೆಯಲ್ಲಿ ಆರು ಹಾಸಿಗೆ, ಒಂದರ ಮೇಲೊಂದು. ಕೋಣೆಯಲ್ಲ, ಹಾಸಿಗೆಯೇ ಬಾಡಿಗೆಗೆ. ಕೆಳಗೆ ಎಲ್ಲರಿಗೂ ಒಂದೇ ಅಡುಗೆಮನೆ, ಬೇಯಿಸಿಕೊಂಡು ಉಣ್ಣಬಹುದು. ಲಂಡನ್ನಿನಿಂದ ಪ್ಯಾರಿಸ್ಸಿಗೆ ರಾತ್ರಿ ಬಸ್ಸು ಹಿಡಿದರೆ ಒಂದು ರಾತ್ರಿಯ ಬಾಡಿಗೆ ಉಳಿಯಿತು. ಪ್ಯಾರಿಸ್ಸಿನ ದೊಡ್ಡ ವಸ್ತುಸಂಗ್ರಹಾಲಯ ತಿಂಗಳ ಮೊದಲ ಭಾನುವಾರ ಪುಕ್ಕಟೆ. ಸ್ವಿಟ್ಜರ್ಲೆಂಡನ್ನು ರೈಲಿನ ಕಿಟಕಿಯಿಂದ ನೋಡಿದರೆ ಸಾಕು, ಇಳಿದರೆ ಕೆಟ್ಟೆವು. ಆಮೇಲೆ ಫ್ಲಾರೆನ್ಸ್, ಆಮೇಲೆ ರೋಮ್. ಈ ವರ್ಷದಿಂದ ನಾವು ಇಳಿಯುವ ದೇಶಗಳಿಗೆಲ್ಲ ಒಂದೇ ನೋಟು ಬಂದಿದೆ, ಪ್ರತಿ ಗಡಿಯಲ್ಲಿ ಹಣ ಬದಲಿಸುವ ಪೀಕಲಾಟವೂ ಇಲ್ಲ.

ಹಾಸಿಗೆಗಳನ್ನು ಈಗಲೇ ಹಿಡಿದಿಡಬೇಕು. ಬರುತ್ತೀಯೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳು. ನೋಡೋಣ, ಮಾಡೋಣ ಎಂಬ ನಿನ್ನ ಟೀಚರ್ ಉತ್ತರ ಬೇಡ.

ನಿನ್ನ
ಮರಿ

*

ಕೆಂಭಾವಿ
೨೮ ಫೆಬ್ರುವರಿ ೨೦೦೨

ಮರಿ,

ಬರುತ್ತೇನೆ. ಒಂದೇ ಮಾತು. ಸಾಕಾಯಿತೇ?

ಈಗ ನನ್ನ ಪೆದ್ದುತನ ಕೇಳು. ಜುಲೈ ಎಂದರೆ ಅಲ್ಲಿ ಬೇಸಿಗೆ ಎಂದು ನೀನು ಬಿಡಿಸಿಯೇ ಬರೆದಿದ್ದೆ. ಅವಸರದಲ್ಲಿ ಓದಿದ ನನ್ನ ತಲೆಯಲ್ಲಿ ಬೇಸಿಗೆ ಎಂಬುದೊಂದೇ ಉಳಿದು, "ಸರ್, ಮೇ ತಿಂಗಳದಾಗ ಯುರೋಪಿಗೆ ಹೊಂಟೀನ್ರಿ" ಎಂದೆ. ಹೆಡ್‌ಮಾಸ್ತರರು, "ಮೇದಾಗ ಸಾಲಿನೇ ಇರಲ್ಲ, ನನಗ್ಯಾಕ ಕೇಳ್ತೀರಿ ಅಕ್ಕೋರ?" ಎಂದು ನಕ್ಕರು. ಮತ್ತೆ ಹೋಗಿ ಜುಲೈ ಎಂದಾಗ ನಗು ನಿಂತಿತು. ಹತ್ತನೆಯ ತರಗತಿಯ ಭೂಗೋಳವನ್ನು ಮೊದಲೇ ಮುಗಿಸಿ ಹೋಗುತ್ತೇನೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು.

ಮನೆಯಲ್ಲೂ ಒಪ್ಪಿದ್ದಾರೆ. ಹೇಗೆ ಒಪ್ಪಿಸಿದೆ ಎಂದು ಕೇಳಬೇಡ. ಅವ್ವ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅಪ್ಪ ತೀರಿದ ಮೇಲೆ ಮನೆಯ ಯಜಮಾನನಾದ ಅಣ್ಣ ಅಯ್ಯಣ್ಣ ಮಾತ್ರ, "ಮದವಿ ಆದಮ್ಯಾಲ ಎಲ್ಲಿ ಹೋಗ್ತಾಳ, ಈಗೊಮ್ಮಿ ಹೋಗಿ ಬರಲಿ" ಎಂದ. ಅದು ನಿಜ. ಶಹಾಪುರದಿಂದ ಒಂದು ಮಾತು ಬಂದಿದೆ, ದೀಪಾವಳಿಯೊಳಗೆ ಗಟ್ಟಿಯಾಗಬಹುದು. ಹುಡುಗ ಕೆಟ್ಟವನಲ್ಲ. ಆದರೂ ಮರಿ, ನನ್ನದು ಎಂದು ಹೇಳಿಕೊಳ್ಳಲು ಮೂರು ವಾರವಾದರೂ ನನಗೆ ಬೇಕು.

ಊಟಕ್ಕೆ ಚಿಂತೆ ಬೇಡ. ಬುತ್ತಿ ಇಲ್ಲದೆ ನಮ್ಮವರು ಯಾದಗಿರಿ ಸ್ಟೇಷನ್ನಿಗೂ ಹೋಗುವುದಿಲ್ಲ. ಕಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇದ್ದರೆ ಆ ಊರಿನ ಅಂಗಡಿಯ ಕಡೆ ತಿರುಗಿಯೂ ನೋಡಬೇಕಿಲ್ಲ. ಅಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣೋಣ, ನೀನು ಮುರಿದಿಟ್ಟಿದ್ದು ನಾನು, ನಾನು ಮುರಿದಿಟ್ಟಿದ್ದು ನೀನು. ಅಲ್ಲಿ ನಮ್ಮನ್ನು ಯಾರು ನೋಡುತ್ತಾರೆ?

ಇನ್ನು ಮುಂದೆ ಪತ್ರವನ್ನು ಶಾಲೆಯ ವಿಳಾಸಕ್ಕೆ ಬರೆ. ಮನೆಗೆ ಬಂದರೆ ಅಣ್ಣನ ಅಂಗಡಿಯ ಕಾಗದಗಳಲ್ಲಿ ಸೇರಿ ಕಳೆದುಹೋಗುತ್ತದೆ.

ನಿನ್ನ
ಅನ್ನಿ

*

ಲೀಡ್ಸ್
೧೭ ಮಾರ್ಚ್ ೨೦೦೨

ಅನ್ನಿ,

ಹಾಸಿಗೆ ಹಿಡಿದೆ! ಪ್ಯಾರಿಸ್ಸಿನಲ್ಲಿ ಸುಲಭವಾಗಿ ಸಿಕ್ಕಿತು. ಫ್ಲಾರೆನ್ಸಿಗೆ ಫೋನು ಮಾಡಿ ಮಾಡಿ ಬೆರಳು ಸವೆಯಿತು. ರೋಮಿನದು ಊರ ಹೊರಗೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎಲ್ಲ ಕಡೆ ಮೇಲಿನದು ನಿನಗೆ, ಕೆಳಗಿನದು ನನಗೆ. ನೀನು ನಿದ್ದೆಯಲ್ಲಿ ಉರುಳುತ್ತೀಯೋ ಏನೋ ಗೊತ್ತಿಲ್ಲ. ಇಷ್ಟು ವರ್ಷದ ಗೆಳೆತನ, ಒಂದು ರಾತ್ರಿಯೂ ಒಂದು ಸೂರಿನ ಕೆಳಗೆ ಮಲಗಿಲ್ಲ ನಾವು. ಸುರಪುರದಲ್ಲೂ ನೀನು ಸೋದರಮಾವನ ಮನೆ, ನಾನು ಸರ್ಕಾರಿ ಹಾಸ್ಟೆಲ್.

ನಿನ್ನ ಪತ್ರದಲ್ಲಿ ಒಂದು ಸಾಲನ್ನು ಎರಡು ಸಲ ಓದಿದೆ. ಇರಲಿ, ಎದುರಿಗೆ ಸಿಕ್ಕಾಗ ಮಾತಾಡೋಣ.

ಮೂರು ವಾರಕ್ಕಾಗುವ ರೊಟ್ಟಿಯನ್ನು ನಿಮ್ಮವ್ವ ಗೊಲ್ಲಾಳಮ್ಮನವರಿಂದ ತಟ್ಟಿಸಬೇಡ, ಅವರ ಮೊಣಕೈ ನೋವು ನನಗೆ ಗೊತ್ತು. ನಮ್ಮವ್ವ ದೇವಕಮ್ಮ ಮಾಡಿಕೊಡುತ್ತಾಳೆ. ಅವಳ ಕೈರೊಟ್ಟಿ ತಿಂದು ನನಗೆ ಮೂರು ವರ್ಷವಾಯಿತು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ, ಹುಡುಗನ ಹಾಗೆ ಕುಣಿದ. ಕಾಲುವೆಯ ಗೇಟು ಕಾಯುವವನಲ್ಲವೇ, ನೀರು ಬಂದ್ ಆಗುವ ತಾರೀಖು ತಿಳಿಸಲು ನಿಮ್ಮ ಅಂಗಡಿಗೆ ಬರುವವನಿದ್ದಾನಂತೆ. ಆಗ ರೊಟ್ಟಿಯ ವಿಷಯವನ್ನೂ ಮಾತಾಡುತ್ತಾನೆ.

ವೀಸಾಕ್ಕೆ ಶಹಾಪುರದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೋ. ಹಿಂದೆ ಬಿಳಿ ಬಟ್ಟೆ ಇರಬೇಕು ಎಂದು ಹೇಳು, ಇಲ್ಲದಿದ್ದರೆ ನವಿಲಿನ ಪರದೆ ಇಳಿಬಿಡುತ್ತಾರೆ.

ನಿನ್ನ
ಮರಿ

*

ಕೆಂಭಾವಿ
೭ ಏಪ್ರಿಲ್ ೨೦೦೨

ಮರಿ,

ಫೋಟೋ ಆಯಿತು. ಕಳ್ಳಿಯ ಹಾಗೆ ಬಂದಿದ್ದೇನೆ. ಶಹಾಪುರದಲ್ಲೇ ಬೂಟು ತೆಗೆದುಕೊಂಡೆ, ಗಂಡಸರದು. ಹೆಂಗಸರ ಬೂಟಿನಲ್ಲಿ ಕಾಲುವೆಯ ದಂಡೆಯ ಮೇಲೆ ನಡೆದರೂ ಹರಿಯುತ್ತದೆ, ಇನ್ನು ಯುರೋಪೇ? ಈಗ ದಿನಾ ಸಂಜೆ ಅದನ್ನು ಹಾಕಿಕೊಂಡು ಕಾಲುವೆಯ ಗೇಟಿನವರೆಗೆ ನಡೆದು ಬರುತ್ತೇನೆ. ಮಕ್ಕಳು "ಅಕ್ಕೋರ ಪೊಲೀಸ್ ಆಗ್ಯಾರ" ಎನ್ನುತ್ತವೆ. ವೀಸಾಕ್ಕೆ ಜೂನ್ ನಡುವೆ ಮುಂಬೈಗೆ ಹೋಗಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಯಾದಗಿರಿಯಿಂದ ಟಿಕೇಟು ಮಾಡಿಸಿದ್ದೇನೆ.

ನಿಮ್ಮಪ್ಪ ಈಶಪ್ಪ ಕಾಕಾ ಅಂಗಡಿಗೆ ಬಂದಿದ್ದರು. ಆರಾಮಾಗಿದ್ದಾರೆ. ಚಹಾ ಕುಡಿದು ಹೋದರು.

ರೊಟ್ಟಿ ನಾನೇ ಮಾಡಿಕೊಳ್ಳುತ್ತೇನೆ. ದೇವಕ್ಕನಿಗೆ ಸುಮ್ಮನೆ ತ್ರಾಸು ಯಾಕೆ. ನೀನು ಮತ್ತೆ ಮತ್ತೆ ಅವರಿಗೆ ಫೋನು ಮಾಡಿ ಇದನ್ನೇ ಹೇಳಬೇಡ.

ಫ್ಲಾರೆನ್ಸಿನಲ್ಲಿ ಮೂರು ದಿನ ಹೆಚ್ಚಾಯಿತೇನೋ, ಒಂದು ದಿನ ಕಡಿಮೆ ಮಾಡಿ ರೋಮಿಗೆ ಸೇರಿಸು. ರೋಮಿನಲ್ಲಿ ಬೀದಿ ಬೀದಿಗೆ ನಲ್ಲಿಗಳಿದ್ದು ಯಾರು ಬೇಕಾದರೂ ಬೊಗಸೆ ಒಡ್ಡಿ ಕುಡಿಯಬಹುದು ಎಂದು ಓದಿದೆ. ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ನಾವಿಬ್ಬರೂ ಹಾಗೆ ಕುಡಿದಿದ್ದೆವು. ಬಾವಿಯಲ್ಲಾಗಿದ್ದರೆ ಕುಡಿಯುವುದಿತ್ತೇ?

ಪತ್ರ ಶಾಲೆಗೇ ಬರೆ, ಮರೆಯಬೇಡ.

ಅನ್ನಿ

*

ಲೀಡ್ಸ್
೫ ಮೇ ೨೦೦೨

ಅನ್ನಮ್ಮ,

ನಿನ್ನೆ ಅಪ್ಪ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದ. ಮಳೆ, ಬಿಸಿಲು, ಆಕಳು ಎಲ್ಲ ಮುಗಿದ ಮೇಲೆ ಕೇಳಿದ: "ಮರೀ, ಒಂದು ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಹೊಂಟಿದ್ದು ಅಯ್ಯಣ್ಣನ ತಂಗಿ ಅನ್ನಮ್ಮನ ಕೂಡೇನು, ಇಲ್ಲಾ ಬ್ಯಾರೆ ಯಾರರೆ ಅನ್ನಮ್ಮ ಅದಾಳ?"

ನನಗೆ ಅರ್ಥವಾಗಲಿಲ್ಲ. ಮುಳ್ಳು ತೆಗೆದ ಹಾಗೆ ಒಂದೊಂದೇ ಮಾತು ತೆಗೆಸಿದೆ. ಅವನು ಅಂಗಡಿಯ ಕೆಳಗಿನ ಮೆಟ್ಟಿಲಲ್ಲಿ ನಿಂತು ಖುಷಿಯಿಂದ, "ನಿಮ್ಮ ತಂಗಿ ನನ್ನ ಮಗಳ ಕೂಡ ವಿಲಾಯತಿ ನೋಡಾಕ ಹೊಂಟಾರಂತಲ್ರಿ" ಎಂದನಂತೆ. ನಿಮ್ಮಣ್ಣ ಒಳಗೆ ತಿರುಗಿ ಕೇಳಿದನಂತೆ. ನೀನು ಬಾಗಿಲಿಗೆ ಬಂದೆಯಂತೆ. ಬಂದು, "ಇಲ್ಲಪ, ಇವರಿಗೆ ಯಾರೋ ತಪ್ಪು ಹೇಳ್ಯಾರ. ನಾ ಗುಲಬರ್ಗಾದ ಅಕ್ಕೋರ ಕೂಡ ಹೊಂಟೀನಿ" ಎಂದೆಯಂತೆ. ಅಪ್ಪ, "ಹೌದೇನ್ರಿ, ನಂದೇ ತಪ್ಪು ಇರಬೇಕು" ಎಂದು, ನೀವು ಕೊಟ್ಟ ಚಹಾ ಕುಡಿದು, ತನ್ನವರಿಗೆಂದು ಗೂಡಿನಲ್ಲಿಟ್ಟಿರುವ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಬಂದನಂತೆ. ನನಗೆ ನೀನು ಬರೆದದ್ದು ಮೂರು ಸಾಲು. ಚಹಾ ಕುಡಿದು ಹೋದರು.

ಈಗ ಆ ಸಾಲಿನ ಮಾತು. ಅಲ್ಲಿ ಯಾರು ನೋಡುತ್ತಾರೆ ಎಂದು ಬರೆದಿದ್ದೆ. ಪ್ರೀತಿಯಿಂದಲೇ ಬರೆದೆ, ಗೊತ್ತು. ಅದಕ್ಕೇ ಹೆಚ್ಚು ಸುಟ್ಟಿತು. ನನ್ನ ಜೊತೆ ಒಂದು ತಟ್ಟೆಯಲ್ಲಿ ಉಣ್ಣಲು ನೀನು ಏಳು ಸಮುದ್ರ ದಾಟುತ್ತೀಯ. ನಿಮ್ಮ ಅಂಗಡಿಯಿಂದ ನಮ್ಮ ಹರಿಜನವಾಡಕ್ಕೆ ಒಂದು ಬೀಡಿ ಸೇದಿ ಮುಗಿಯುವಷ್ಟು ದಾರಿ. ಅದನ್ನು ದಾಟಲು ನಿನ್ನ ಗಂಡಸರ ಬೂಟಿಗೂ ಆಗಲಿಲ್ಲ. ನನ್ನನ್ನು ಏನಾದರೂ ಅನ್ನು, ತಡೆದುಕೊಳ್ಳುತ್ತೇನೆ. ನನ್ನಪ್ಪನನ್ನು ಅವನ ಮುಖದೆದುರೇ ಸುಳ್ಳುಗಾರ ಮಾಡಿದೆ.

ಹಾಡುಹಗಲಲ್ಲಿ ನಮ್ಮ ಮನೆಗೆ ಹೋಗು. ನಮ್ಮವ್ವನ ಕೈಯ ರೊಟ್ಟಿ ಉಣ್ಣು. ಉಂಡೆ ಎಂದು ನನಗೆ ಬರೆ. ಆಗ ನಾವು ಹೋಗೋಣ. ಮೇ ಮುಗಿಯುವುದರೊಳಗೆ ಪತ್ರ ಬರದಿದ್ದರೆ ನಿನ್ನ ಹಾಸಿಗೆಗಳನ್ನು ಬಿಟ್ಟುಕೊಡುತ್ತೇನೆ.

ಮರಿಲಿಂಗಮ್ಮ

*

ಲೀಡ್ಸ್
೨ ಜೂನ್ ೨೦೦೨

ಅನ್ನಮ್ಮ,

ಉತ್ತರ ಬರಲಿಲ್ಲ. ಅದೂ ಉತ್ತರವೇ. ನಿನ್ನ ಹಾಸಿಗೆಗಳನ್ನು ಬಿಟ್ಟುಕೊಟ್ಟೆ. ಫ್ಲಾರೆನ್ಸಿನವರು ಫೋನಿನಲ್ಲೇ ಥ್ಯಾಂಕ್ಸ್ ಹೇಳಿದರು, ಕಾಯುತ್ತಿದ್ದವರು ಬೇಕಾದಷ್ಟು ಜನ ಇದ್ದರಂತೆ.

ನಿನ್ನ ಮದುವೆ ಚೆನ್ನಾಗಿ ಆಗಲಿ.

ಮರಿಲಿಂಗಮ್ಮ

*

ಕೆಂಭಾವಿ
೧೬ ಜೂನ್ ೨೦೦೨

ಮರಿ,

ನಿನ್ನ ಮೇ ತಿಂಗಳ ಪತ್ರ ಬೀಗ ಹಾಕಿದ ಶಾಲೆಯ ಬಾಗಿಲ ಸಂದಿನೊಳಗೆ ಇಡೀ ರಜೆ ಬಿದ್ದಿತ್ತು. ಶಾಲೆ ತೆರೆದ ದಿನ ಜವಾನ ದಸ್ತಗೀರಸಾಬ ಕಸ ಗುಡಿಸುವಾಗ ಎತ್ತಿ ಕೊಟ್ಟ. ಶಾಲೆಗೇ ಬರೆ ಎಂದು ಕಾಡಿದವಳು ನಾನು, ಮೇ ತಿಂಗಳಲ್ಲಿ ಶಾಲೆ ಇರುವುದಿಲ್ಲ ಎಂದು ಮರೆತವಳೂ ನಾನೇ. ಹೆಡ್‌ಮಾಸ್ತರರು ನಕ್ಕಾಗಲಾದರೂ ಬುದ್ಧಿ ಬರಬೇಕಿತ್ತು. ದಿನಾ ನೀನು ಬರೆದಿಲ್ಲವೆಂದು ಬೈದುಕೊಳ್ಳುತ್ತಿದ್ದೆ. ನಿನ್ನ ಎರಡನೆಯ ಪತ್ರ ಮೊನ್ನೆ ಬಂತು. ಹಾಸಿಗೆ ಹೋಯಿತೆಂದು ಓದಿ ಅತ್ತೆ. ಆದರೆ ಅಷ್ಟರಲ್ಲಿ ಇಲ್ಲಿ ನಡೆದಿದ್ದೇ ಬೇರೆ. ಬಿಡಿಸಿ ಹೇಳುತ್ತೇನೆ.

ಪತ್ರ ಓದಿದ ಮಧ್ಯಾಹ್ನವೇ ನಿಮ್ಮ ಮನೆಗೆ ಹೋದೆ. ದೇವಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ಅನ್ನೀ ಎನ್ನುತ್ತಿದ್ದವಳು "ಬರ್ರಿ ಅಕ್ಕೋರ" ಎಂದಳು. "ದೇವಕ್ಕಾ, ಹಸಿವಾಗ್ಯದ, ರೊಟ್ಟಿ ಕೊಡು" ಎಂದೆ. ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಖರೇ ಹೇಳ್ರಿ. ಹಸಿವಾಗ್ಯದೋ, ಮರಿ ಹೇಳ್ಯಾಳಂತ ಬಂದೀರೋ?"

ಸುಳ್ಳು ಹೇಳಲಾಗಲಿಲ್ಲ. ಆಮೇಲೆ ಅವಳು ಆಡಿದ ಮಾತನ್ನು ಹಾಗೇ ಬರೆಯುತ್ತೇನೆ, ನಿನಗೂ ಸೇರಿಸಿಯೇ ಆಡಿದ್ದು: "ನನ್ನ ರೊಟ್ಟಿ ನಿಮ್ಮ ರೈಲಿನ ಪಾಸೇನ್ರಿ? ನೀವು ಉಂಡು ಕೈ ತೊಳಕೊಂಡು ವಿಮಾನ ಹತ್ತತೀರಿ. ಅಕಿ ಅಲ್ಲಿ ಕುಂತು ಹುಕುಂ ಮಾಡ್ತಾಳ. ನಾಳಿ ನಿಮ್ಮಣ್ಣ ನೀರಾವರಿ ಆಫೀಸಿಗೆ ಒಂದು ಅರ್ಜಿ ಬರದ್ರ ಇವರ ಗೇಟಿನ ನೌಕರಿ ಹೋಗ್ತದ. ಇವರದೇನು ಕಾಯಂ ನೌಕರಿ ಏನು? ಅವತ್ತು ನೀವಿಬ್ರೂ ಎಲ್ಲಿರ್ತೀರಿ? ಉಣ್ಣಬೇಕು ಅಂದ್ರ ಮದಲ ನಿಮ್ಮ ಮನ್ಯಾಗ ಹೇಳಿ ಬರ್ರಿ. ಕದ್ದು ಉಣ್ಣೋರಿಗೆ ನಾ ಬಡಸಂಗಿಲ್ಲ."

ಸಿಟ್ಟಾಗಬೇಡ ಮರಿ, ಅವಳ ಮಾತು ಸರಿ ಎನಿಸಿತು. ನೀನು ನನಗೆ ಷರತ್ತು ಹಾಕುವಾಗ ನಿನ್ನವ್ವನನ್ನು ಕೇಳಿರಲಿಲ್ಲ. ನಾನಂತೂ ಯಾರನ್ನೂ ಕೇಳಿದವಳಲ್ಲ.

ಅಲ್ಲಿಂದ ನೇರ ಅಂಗಡಿಗೆ ಬಂದೆ. ಸಂತೆಯ ದಿನ, ಗಿರಾಕಿಗಳು ತುಂಬಿದ್ದರು. ಅವ್ವ ಒಳಬಾಗಿಲಲ್ಲಿ ಕೂತಿದ್ದಳು. ನಾನು ಯುರೋಪಿಗೆ ಹೊರಟಿರುವುದು ಈಶಪ್ಪನವರ ಮಗಳ ಜೊತೆ, ಅವತ್ತು ಅವರು ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು ಎಂದು ಎಲ್ಲರೆದುರು ಹೇಳಿದೆ. ಅಯ್ಯಣ್ಣ ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ತಕ್ಕಡಿಯಲ್ಲಿದ್ದ ಬೆಲ್ಲ ಕಟ್ಟಿಕೊಟ್ಟು, ಗಿರಾಕಿ ಹೋದ ಮೇಲೆ ಮೆಲ್ಲಗೆ ಹೇಳಿದ:

"ಹೋಗು. ಪರದೇಶದಾಗ ನೀ ಯಾರ ಕೂಡ ಉಂಡರೂ ನಮಗ ತಿಳಿಯಂಗಿಲ್ಲ, ಶಹಾಪುರದವರಿಗೂ ತಿಳಿಯಂಗಿಲ್ಲ. ಆದ್ರ ಇವತ್ತಿನಿಂದ ಆ ಓಣ್ಯಾಗ ಕಾಲಿಡಬ್ಯಾಡ."

ಅವನು ಹೇಳಿದ್ದು ನಾನು ನಿನಗೆ ಬರೆದಿದ್ದನ್ನೇ. ಅವನ ಬಾಯಲ್ಲಿ ಕೇಳಿದಾಗ ಗೊತ್ತಾಯಿತು, ನಿನಗೆ ಅದು ಹೇಗೆ ಕೇಳಿಸಿರಬೇಕು ಎಂದು.

ಹೂಂ ಎನ್ನಲು ಬಾಯಿ ತೆರೆದಿದ್ದೆ. ರೋಮ್ ಕಣ್ಣ ಮುಂದೆಯೇ ಇತ್ತು. ನನಗೆ ಅದು ಎಷ್ಟು ಬೇಕಾಗಿತ್ತು ಎಂದು ನಿನಗೊಬ್ಬಳಿಗೇ ಗೊತ್ತು. ಆದರೆ ಹೂಂ ಎಂದು ಬಂದು ನಿನ್ನ ಪಕ್ಕದಲ್ಲಿ ಕೂತು ಉಂಡರೆ ಆ ತುತ್ತು ಅಯ್ಯಣ್ಣ ಕೊಟ್ಟದ್ದಾಗುತ್ತಿತ್ತು. ಮರುದಿನ ಮತ್ತೆ ನಿಮ್ಮ ಓಣಿಗೆ ಹೋದೆ. ಅಣ್ಣ ವಿಮಾನದ ಟಿಕೇಟಿಗೆ ಹಣ ಕೊಡುವ ಮಾತು ನಿಲ್ಲಿಸಿದ. ಅವ್ವ ನನ್ನ ಜೊತೆ ಮಾತು ನಿಲ್ಲಿಸಿದಳು. ಶಹಾಪುರದವರಿಗೂ ಸುದ್ದಿ ಮುಟ್ಟಿದೆಯಂತೆ, ಅಲ್ಲಿಂದ ಉಸಿರಿಲ್ಲ. ನಾನು ಬರುವುದಿಲ್ಲ ಮರಿ. ನೀನು ಹಾಸಿಗೆ ಬಿಡದೆ ಇದ್ದಿದ್ದರೂ ಬರುತ್ತಿರಲಿಲ್ಲ.

ಈಶಪ್ಪ ಕಾಕಾ ಗೇಟಿನ ಹತ್ತಿರ ಸಿಕ್ಕರು. ನಾನು ಹೇಳಬೇಕಾದ್ದನ್ನು ಹೇಳಿದೆ. "ಗೊತ್ತಿತ್ತವ್ವಾ" ಎಂದರು. ಗೊತ್ತಿದ್ದೂ ಮಗಳಿಗೆ ಹಾಗೆ ಯಾಕೆ ಕೇಳಿದಿರಿ ಎಂದೆ. "ಬ್ಯಾರೆ ಅನ್ನಮ್ಮ ಅಂತ ಅಕಿ ಅಂದಿದ್ರ ಅಲ್ಲಿಗೇ ಮುಗೀತಿತ್ತು. ನಿಮ್ಮ ದೋಸ್ತಿನೂ ಉಳೀತಿತ್ತು" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ದೇವಕ್ಕ ಇನ್ನೂ ಉಣ್ಣಲು ಕರೆದಿಲ್ಲ. ಅವಳ ಭಯ ಹೋಗಿಲ್ಲ, ನನಗೂ ಹೋಗಿಲ್ಲ. ಅರ್ಜಿ ಇನ್ನೂ ಬರೆದಿಲ್ಲ, ಮುಂದಿನ ತಿಂಗಳು ಗದ್ದೆಗೆ ನೀರು ಬೇಕಲ್ಲ ಅಣ್ಣನಿಗೆ. ನಿನ್ನೆ ಹೋದಾಗ ಅವಳು "ಕುಂದರ್ರಿ" ಎಂದಳು. ಕೂತು ಜೋಳ ಹಸನು ಮಾಡಿ ಬಂದೆ.

ನೀನು ಹೋಗು. ಬಿಟ್ಟುಬಿಡಬೇಡ. ನೋಡಿದ್ದನ್ನು ಬರೆ.

ಅನ್ನಿ

*

ಫ್ಲಾರೆನ್ಸ್
೨೧ ಜುಲೈ ೨೦೦೨

ಅನ್ನಿ,

ನಿನ್ನ ಪತ್ರ ನಾನು ಲಂಡನ್ ಬಸ್ಸು ಹತ್ತುವ ಹಿಂದಿನ ದಿನ ಬಂತು. ಚೀಲದಲ್ಲೇ ಇದೆ, ಪ್ಯಾರಿಸ್ಸಿನಲ್ಲಿ ಮೂರು ಸಲ ಓದಿದೆ. ಅವ್ವ ಹೇಳಿದ್ದು ಸರಿ. ನಾನು ಎರಡು ದಿನ ಅವಳ ಮೇಲೆ ಸಿಟ್ಟಾಗಿದ್ದು, ಆಮೇಲೆ ನನ್ನ ಮೇಲೆ ಸಿಟ್ಟಾದೆ. ಅವಳ ಒಲೆಯ ಮುಂದೆ ನಿನ್ನನ್ನು ಪರೀಕ್ಷೆಗೆ ಕೂರಿಸಿದವಳು ನಾನು. ನಪಾಸಾದರೆ ಬೆಲೆ ತೆರಬೇಕಾದವಳು ಅವಳು.

ಪ್ಯಾರಿಸ್ಸಿನಲ್ಲಿ ಪುಕ್ಕಟೆ ಭಾನುವಾರ ಎಂದು ಬೆಳಿಗ್ಗೆಯೇ ಹೋದೆ. ಊರೆಲ್ಲ ನನ್ನ ಹಾಗೇ ಯೋಚಿಸಿತ್ತು. ಸಾಲಿನಲ್ಲಿ ನಿಂತು ನಿಂತು ಒಳಗೆ ಹೋಗುವಷ್ಟರಲ್ಲಿ ಚಿತ್ರ ನೋಡುವ ಶಕ್ತಿಯೇ ಉಳಿದಿರಲಿಲ್ಲ, ಬೆಂಚಿನ ಮೇಲೆ ಕೂತು ಬಂದೆ. ನನ್ನ ಮೇಲಿನ ಹಾಸಿಗೆಯಲ್ಲಿ ಎಲ್ಲ ಕಡೆ ಯಾರೋ ಇದ್ದರು. ಪೋಲೆಂಡಿನ ಹುಡುಗಿ ಒಬ್ಬಳು, ಆಸ್ಟ್ರೇಲಿಯಾದವಳು ಒಬ್ಬಳು. ಒಳ್ಳೆಯವರು. ರಾತ್ರಿ ಮೇಲಿನ ಮಂಚ ಕಿರ್ ಎಂದಾಗಲೆಲ್ಲ ನೀನು ಉರುಳಿದೆ ಎಂದುಕೊಳ್ಳುತ್ತಿದ್ದೆ.

ನಿನ್ನೆ ನಡೆದದ್ದನ್ನು ನಿನಗಲ್ಲದೆ ಯಾರಿಗೂ ಬರೆಯಲಾರೆ.

ಹಾಸ್ಟೆಲಿನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹುರಿಯುತ್ತಿದ್ದೆ. ಹೊತ್ತಿತು. "ಅಯ್ಯ, ಸೀದು ಹೋತಲ್ಲ" ಎಂದೆ, ನನಗೆ ನಾನೇ. ಹಿಂದಿನಿಂದ ಒಬ್ಬ ಹೆಂಗಸು, "ಏನವ್ವಾ, ನಮ್ಮ ಕಡೆಯಾಕಿ ಏನು?" ಎಂದರು. ಹುಬ್ಬಳ್ಳಿಯವರು. ಮಗಳು ಮಿಲಾನಿನಲ್ಲಿ ಓದುತ್ತಾಳೆ, ಅವಳನ್ನು ನೋಡಲು ಬಂದು ಊರು ಸುತ್ತುತ್ತಿದ್ದಾರೆ. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಬೂಟು. ಅವರನ್ನು ನೋಡಿ ನನಗೆ ಅಳುವಷ್ಟು ಸಂತೋಷವಾಯಿತು. ಎರಡು ವಾರದಿಂದ ಕನ್ನಡ ಕೇಳಿರಲಿಲ್ಲ.

ಯಾವೂರು ಎಂದರು. ಕೆಂಭಾವಿ ಎಂದೆ.

"ಕೆಂಭಾವ್ಯಾಗ ಯಾರ ಮನಿ? ನಮ್ಮ ಮಂದಿ ಭಾಳ ಅದಾರಲ್ಲ ಅಲ್ಲಿ. ನೀವೂ ಲಿಂಗಾಯತರೇನು?"

ಕೆಟ್ಟವರಲ್ಲ ಅನ್ನಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳುವ ಹಾಗೆ ಸಹಜವಾಗಿ ಕೇಳಿದರು. ಅವರ ಕೈಯಲ್ಲಿ ಚಪಾತಿಯ ತಟ್ಟೆ ಇತ್ತು. ನನಗೆ ಇಲ್ಲಿ ಯಾರ ಅಂಗಡಿಯ ಹಂಗೂ ಇಲ್ಲ, ಯಾವ ಅರ್ಜಿಯ ಭಯವೂ ಇಲ್ಲ. ನನ್ನ ಸಂಬಳ ನನ್ನದು, ನನ್ನ ಹಾಸಿಗೆ ನನ್ನದು. ನಾಳೆ ಅವರು ಯಾರೋ, ನಾನು ಯಾರೋ. ಆದರೂ ಬಾಯಿಂದ ಬಂದದ್ದು ಇದು: "ಹೌದ್ರಿ. ಅಂಗಡಿ ಅಯ್ಯಣ್ಣನ ತಂಗಿ ನಾನು. ಅನ್ನಮ್ಮ."

ಅವರು "ಅಯ್ಯ ನನ್ನವ್ವಾ, ನಮ್ಮವರೇ ಸಿಕ್ಕರಲ್ಲ" ಎಂದು ಚಪಾತಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಉಂಡೆ. ಪಕ್ಕದಲ್ಲಿ ಕೂತು, ಅವರ ತಟ್ಟೆಯಿಂದ ಪಲ್ಯ ತೆಗೆದುಕೊಂಡು ಉಂಡೆ. ರುಚಿಯಾಗಿತ್ತು. ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಕೇಳಿದರು. ನಿನ್ನ ತಂದೆಯ ಹೆಸರು ಹೇಳಿದೆ, ತೀರಿಕೊಂಡರು ಎಂದೆ. ನನ್ನಪ್ಪ ಗೇಟಿನ ಹತ್ತಿರ ಬದುಕಿದ್ದಾನೆ ಅನ್ನಿ, ಮತ್ತು ನಾನು ತುತ್ತು ನುಂಗುತ್ತಾ ತೀರಿಕೊಂಡರು ಎಂದೆ.

ಬೆಳಿಗ್ಗೆ ಅವರು ಹೋದರು. ನಾನು ರೋಮಿನ ಹಾಸಿಗೆಯನ್ನೂ ಬಿಟ್ಟುಕೊಟ್ಟೆ. ಲೀಡ್ಸಿಗೆ ಹಿಂತಿರುಗಿ, ಉಳಿದ ಹಣದಲ್ಲಿ ಊರಿಗೆ ಟಿಕೇಟು ಮಾಡಿಸುತ್ತೇನೆ. ಅಪ್ಪನಿಗೆ ಈ ಮಾತನ್ನು ನೀನು ಹೇಳಬೇಡ, ನಾನೇ ಹೇಳಬೇಕು. ಫೋನಿನಲ್ಲಿ ಹೇಳುವಂಥದ್ದಲ್ಲ.

ನಿನ್ನನ್ನು ಒಂದು ಮಾತು ಕೇಳುತ್ತೇನೆ. ಗೇಟಿನ ಹತ್ತಿರ ಅವನ ಮುಂದೆ ಹೋಗಿ ನಿಂತೆಯಲ್ಲ, ಮೊದಲ ಮಾತು ಏನೆಂದು ಆಡಿದೆ? ಅದನ್ನು ಬರೆದು ತಿಳಿಸು. ಶಾಲೆಯದಲ್ಲ, ಮನೆಯ ವಿಳಾಸ ಹಾಕಿಯೇ ಬರೆ.

ಮರಿಲಿಂಗಮ್ಮ